ಉರಿ ಇಲ್ಲ

ಹತ್ತು ನಿಮಿಷ ಅಂದರೆ ಹತ್ತು ನಿಮಿಷ. ಒಂಬತ್ತಕ್ಕೇ ಬಾಯಿಬಿಟ್ಟು ಕೇಳಿದರೆ ಚಿನ್ಮಯೀಗೆ ಸಿಟ್ಟು ಬರುತ್ತದೆ. ಸುಲಭಾ ಒಮ್ಮೆ ಗೋಡೆಯ ಗಡಿಯಾರ ನೋಡುತ್ತ, ಒಮ್ಮೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ ಮಗಳ ಎಡಗಿವಿಯ ಕೆಳಗೆ, ದವಡೆಯ ಅಂಚಿಗೆ, ತಾನೇ ಕಿರುಬೆರಳಿನಿಂದ ಇಟ್ಟ ಬಿಳಿ ಚುಕ್ಕೆ ನೋಡುತ್ತ, ಒಳಗೆ ಉಪ್ಪಿಟ್ಟು ತಳ ಹಿಡಿಯುತ್ತಿರುವ ವಾಸನೆ ಮೂಗಿಗೆ ಬಂದರೂ ಅಲ್ಲಾಡದೆ ನಿಂತಿದ್ದಳು. ಇದು ನಾಲ್ಕನೆಯ ಟ್ಯೂಬು. ಮೊದಲಿನ ಮೂರೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿವೆ. ಒಂದೊಂದಕ್ಕೂ ಚಿನ್ಮಯೀ ಕಾಗದದ ಪಟ್ಟಿ ಅಂಟಿಸಿ ನಂಬರು ಬರೆದಿದ್ದಾಳೆ, ಅಮ್ಮಿನಬಾವಿಯ ಹೊಲಗಳಿಂದ ತರುವ ಮಣ್ಣಿನ ಚೀಲಗಳಿಗೆ ಬರೆಯುವ ಹಾಗೆಯೇ. ಮಣ್ಣಿನ ಮೇಲೆ ಪಿಎಚ್.ಡಿ. ಮಾಡುವ ಹುಡುಗಿ, ಮುಖಕ್ಕೆ ಸನ್‌ಸ್ಕ್ರೀನ್ ಹುಡುಕುವುದೂ ಅವಳಿಗೆ ಒಂದು ಪರೀಕ್ಷೆಯೇ. ಮೊದಲು ಕಿವಿಯ ಕೆಳಗೆ ಒಂದು ಚುಕ್ಕೆ, ಹತ್ತು ನಿಮಿಷ. ಚರ್ಮ ತಡೆದರೆ ಮರುದಿನ ಗಲ್ಲಕ್ಕೆ. ಅದೂ ತಡೆದರೆ ಬಿಸಿಲಿಗೆ. ಮೂರು ಟ್ಯೂಬುಗಳೂ ಮೊದಲ ಮೆಟ್ಟಿಲನ್ನೇ ದಾಟಿರಲಿಲ್ಲ.

ಆರನೆಯ ನಿಮಿಷಕ್ಕೆ ಚಿನ್ಮಯೀಯ ಕುತ್ತಿಗೆಯ ನರ ಬಿಗಿಯಿತು. ಕೈ ಮೇಲೆತ್ತಲಿಲ್ಲ. ಮುಟ್ಟಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ. "ಉರೀಲಿಕ್ಕತ್ತು, ಅಮ್ಮಾ" ಅಂದಳು. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ, ಬಸ್ಸು ತಪ್ಪಿತು ಅಂದಷ್ಟೇ ಸಾದಾ ಇತ್ತು. ಸುಲಭಾ ಒದ್ದೆ ಅರಿವೆಯಿಂದ ಒರೆಸಲು ಹೋದಳು. ಅರಿವೆ ತಾಗಿದ ಕಡೆಯೆಲ್ಲ ಕೆಂಪು ಎದ್ದಿತು. ಎರಡೂ ಗಲ್ಲ, ಮೂಗಿನ ಪಕ್ಕ, ಗದ್ದ ಎಲ್ಲಾ ಕಡೆ ಚರ್ಮ ಎಷ್ಟು ತೆಳ್ಳಗಾಗಿದೆಯೆಂದರೆ ಒಳಗಿನ ಸಣ್ಣ ಸಣ್ಣ ನರಗಳು ಕಾಣುತ್ತವೆ. ಇಪ್ಪತ್ತಾರು ವರ್ಷದ ಮುಖ. ಚಿನ್ಮಯೀ ನೋಟ್‌ಬುಕ್ಕು ತೆಗೆದು ಬರೆದಳು: ನಾಲ್ಕು, ಎಂಟು ಗಂಟೆ ಹತ್ತು ನಿಮಿಷ, ಎಡ ದವಡೆ, ಆರನೇ ನಿಮಿಷಕ್ಕೆ ಉರಿ. ಅದರ ಮೇಲಿನ ಸಾಲು ಸುಲಭಾಳ ಕಣ್ಣಿಗೆ ಬೀಳುವುದು ತಪ್ಪುವುದಿಲ್ಲ. ದಿನಾ ಬೀಳುತ್ತದೆ. ಹೋದ ಗುರುವಾರದ ತಾರೀಖು ಹಾಕಿ ಮಗಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ: ಅಮ್ಮನ ಕೆನೆ, ಹತ್ತು ನಿಮಿಷ, ಉರಿ ಇಲ್ಲ.

ಉರಿ ಹೇಗೆ ಇರುತ್ತದೆ? ಅವತ್ತಾದರೂ ಬರೀ ಕೆನೆ ಕೊಡಬಹುದಿತ್ತು. ಡಾಕ್ಟರು ಮನೆಯ ಔಷಧವೂ ಸದ್ಯ ಬೇಡ ಅಂದಿದ್ದರು, ಎರಡು ವಾರ ಏನೂ ಹಚ್ಚಿರಲಿಲ್ಲ. ಗುರುವಾರ ಚಿನ್ಮಯೀ ತಾನಾಗಿಯೇ, "ಎಲ್ಲಾನೂ ನೋಡಲಿಕ್ಕತ್ತೀನಿ, ನಿನ್ನ ಕೆನೀನೂ ಒಂದ ಚುಕ್ಕಿ ಇಡು, ಹೋಲಿಸಿ ನೋಡಲಿಕ್ಕೆ ಬೇಕು" ಅಂದಾಗ ಸುಲಭಾ ಅಡುಗೆಮನೆಗೆ ಹೋಗಿ ಬೆಳ್ಳಿ ಬಟ್ಟಲಿಗೆ ಕೆನೆ ಹಾಕಿದಳು, ಚಿಟಿಕೆ ಅರಿಷಿಣ ಹಾಕಿದಳು, ಚೂರು ಕಡಲೆಹಿಟ್ಟು ಹಾಕಿದಳು. ಆಮೇಲೆ ಅವಳ ಕೈ ತಾನಾಗಿಯೇ ಮೇಲಿನ ಮಾಡದಲ್ಲಿ ಹಿಂಗಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಬೇರೆಯದೇ ಟ್ಯೂಬಿಗೆ ಹೋಯಿತು. ಕೈ ತಾನಾಗಿಯೇ ಹೋಯಿತಂತೆ! ಯಾರಿಗೆ ಹೇಳುತ್ತೀ ಸುಲಭಾ ಈ ಕತೆ? ಬರೀ ಕೆನೆಯೂ ಉರಿದುಬಿಟ್ಟರೆ ಎಂದು ಹೆದರಿದೆ. ಉರಿದರೆ ಮಗಳು ಅಳುತ್ತಾಳೆಂದಲ್ಲ, ನಿನ್ನ ಕೆನೆಯ ಹೆಸರು ಹೋಗುತ್ತದೆಂದು. ಬಟಾಣಿಯಷ್ಟು ಹಿಂಡಿ, ಬೆರಳಿನಿಂದ ಕಲಸಿ, ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಂದೆ.

ನಾಲ್ಕು ವರ್ಷದ ಹಿಂದೆ ಗದಗಿನಿಂದ ಗಂಡಿನ ಕಡೆಯವರು ಬಂದು ಹೋದ ಮೂರನೆಯ ದಿನ ಫೋನು ಬಂದಿತ್ತು. "ಹುಡುಗಿ ಲಕ್ಷಣ ಇದ್ದಾಳ್ರಿ, ಓದಿದಾಕಿ, ಎಲ್ಲಾ ಛಲೋ. ಸ್ವಲ್ಪ ಕೃಷ್ಣವರ್ಣ ಅಂತ ನಮ್ಮ ಹುಡುಗನ ಅತ್ಯಾ ಅಂದ್ರು." ಕೃಷ್ಣವರ್ಣ! ಕಪ್ಪು ಅನ್ನಲು ನಾಲಿಗೆ ಬರದ ಸಭ್ಯ ಜನ. ಸುಲಭಾ ಗಂಡ ಬಾಳಕೃಷ್ಣನಿಗೆ ಜಾತಕ ಕೂಡಲಿಲ್ಲವಂತೆ ಎಂದಳು, ಮಗಳಿಗೂ ಹಾಗೇ ಅಂದಳು. ಮಗಳಿಗೆ ಆ ಮದುವೆ ಬೇಕೂ ಇರಲಿಲ್ಲ. "ಪುಣ್ಯಾ ಬಂತು" ಎಂದು ಸೈಕಲ್ಲು ಹತ್ತಿ ಕಾಲೇಜಿಗೆ ಹೋದಳು. ಅವಮಾನವೆಲ್ಲ ಸುಲಭಾ ಒಬ್ಬಳದೇ. ಮರುವಾರ ಓಣಿಯ ಋತುಜಾಳ ತಾಯಿ ಕಿವಿಯಲ್ಲಿ ಬೆಳ್ಳಗಾಗುವ ಟ್ಯೂಬಿನ ಹೆಸರು ಹೇಳಿದಳು. "ಹುಡುಗ್ಯಾರು ಕ್ರೀಮು ಅಂದ್ರ ಒಲ್ಲೆ ಅಂತಾವ್ರಿ. ಕೆನಿಯಾಗ ಕಲಸಿ ಹಚ್ಚಿಬಿಡ್ರಿ, ಗೊತ್ತಾಗಂಗಿಲ್ಲ." ಗೊತ್ತಾಗಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮಗಳು ತೊಡೆಯ ಹತ್ತಿರ ಬಂದು ಕಣ್ಣು ಮುಚ್ಚಿ ಕೂಡುತ್ತಿದ್ದಳು, ಸಣ್ಣವಳಿದ್ದಾಗ ಎಣ್ಣೆ ಹಚ್ಚಿಸಿಕೊಳ್ಳಲು ಕೂಡುತ್ತಿದ್ದ ಹಾಗೆ. ತಿಂಗಳೊಪ್ಪತ್ತಿಗೆ ಮುಖ ತಿಳಿಯಾಯಿತು, ಬೆಳಗಿತು. ಬಾಳಕೃಷ್ಣ, "ಎಲ್ಲಾ ನಿನ್ನ ಕೈಗುಣ" ಎಂದ. ಭಜನಾಮಂಡಳಿಯ ಹೆಂಗಸರು ಕೆನೆಯ ಲೆಕ್ಕ ಕೇಳಿ ಬರೆದುಕೊಂಡು ಹೋದರು. ಅವರ ಹೆಣ್ಣುಮಕ್ಕಳಿಗೆ ಏನೂ ಆಗಲಿಲ್ಲ. "ಅದಕ್ಕೂ ಕೈಗುಣ ಬೇಕ್ರಿ ಸುಲಭಾಬಾಯಿ" ಎಂದು ಅವರೇ ಸಮಾಧಾನ ಮಾಡಿಕೊಂಡರು. ಸುಲಭಾ ನಕ್ಕಿದ್ದಳು. ಆ ನಗು ಈಗ ನೆನಪಾದರೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಚಿನ್ಮಯೀ ಹೊಲಗಳಿಗೆ ಹೋಗಲು ಶುರುಮಾಡಿದ್ದು ಕಳೆದ ದೀಪಾವಳಿಯ ನಂತರ. ವಾರಕ್ಕೆ ನಾಲ್ಕು ದಿನ ಅಮ್ಮಿನಬಾವಿಯ ಎರೆಹೊಲದಲ್ಲಿ ಗುಂಡಿ ತೋಡಿಸಿ, ಅದರೊಳಗೆ ಇಳಿದು, ಮಣ್ಣಿನ ಪದರ ಅಳೆಯುವ ಕೆಲಸ. ಮನೆಗೆ ಬಂದರೆ ಮಣ್ಣಿನದೇ ಮಾತು. "ಕರಿ ಇದ್ದಷ್ಟೂ ಕಸುವು ಅಮ್ಮಾ, ಆ ನೆಲಾ ನೋಡಬೇಕು ನೀ" ಅನ್ನುತ್ತ ಉಗುರಿನೊಳಗಿನ ಮಣ್ಣು ತೋರಿಸುತ್ತಿದ್ದಳು. ಫೆಬ್ರವರಿ ಹೊತ್ತಿಗೆ ಗಲ್ಲ ಕೆಂಪಾಗತೊಡಗಿತು. ಸುಲಭಾ ಹೆದರಿ ಟ್ಯೂಬು ಬಿಟ್ಟಳು. ನಾಲ್ಕನೆಯ ದಿನಕ್ಕೆ ಮುಖ ಬಾತು, ಸುಟ್ಟ ಹಾಗಾಗಿ, ಹತ್ತನೆಯ ಇಯತ್ತೆಯ ನಂತರ ಅತ್ತೇ ಇರದಿದ್ದ ಹುಡುಗಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಸುಲಭಾ ಮತ್ತೆ ಟ್ಯೂಬು ತಂದಳು. ಎರಡೇ ದಿನಕ್ಕೆ ಇಳಿಯಿತು. "ನೋಡಿದ್ಯಾ, ನಿನ್ನ ಕೆನಿ ಒಂದ ನನಗ ಹೊಂದೋದು!" ಬಿಟ್ಟರೆ ಇಂದು ಉರಿ, ಹಚ್ಚಿದರೆ ನಾಳೆ ಉರಿ. ಮೂರು ಸಲ ಬಿಟ್ಟು ಮೂರು ಸಲ ಹಚ್ಚಿದಳು. ಚಿನ್ಮಯೀ ಮಾತ್ರ ಬಿಸಿಲನ್ನೇ ಬೈದಳು. ಯಾವ ಸನ್‌ಸ್ಕ್ರೀನೂ ಹೊಂದದಿದ್ದರೆ ಹೊಲದ ಕೆಲಸ ಬಿಟ್ಟು, ಯಾರೋ ತಂದ ಮಣ್ಣಿನ ಅಂಕಿ-ಅಂಶ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಕೂಡುತ್ತೇನೆಂದು ತನ್ನ ಗೈಡಿಗೆ ಪತ್ರ ಬರೆದು ಮೊಬೈಲಿನಲ್ಲಿ ಇಟ್ಟಿದ್ದಾಳೆ. ಸೋಮವಾರ ಕಳಿಸುತ್ತಾಳೆ. ಇವತ್ತು ಶನಿವಾರ.

"ಇನ್ನೊಂದ ಉಳದದ ನೋಡಲಿಕ್ಕೆ" ಅಂದಳು ಚಿನ್ಮಯೀ, ತಳ ಹಿಡಿದ ಉಪ್ಪಿಟ್ಟನ್ನು ಗೊಣಗದೆ ತಿನ್ನುತ್ತ. "ಬರೇ ಜಿಂಕ್ ಇರೋದು, ವಾಸನಿ ಇಲ್ಲದ್ದು. ನವನಗರದಾಗ ಸಿಗತದ. ಫೋನ್ ಮಾಡೀನಿ. ನೀ ಅಪ್ಪನ ಗುಳಿಗಿ ತರ್ತೀಯಲ್ಲಾ, ಅದ ಅಂಗಡಿ. ಅವರ ಕಾಗದದ ಚೀಲದ ಮ್ಯಾಲ ನಂಬರ ಇತ್ತು."

ಬಾಳಕೃಷ್ಣನ ಬಿಪಿ ಗುಳಿಗೆ ಧಾರವಾಡದ ಮೂಲೆಮೂಲೆಗೆ ಸಿಗುತ್ತದೆ. ಆ ಕಂಪನಿಯದು ನವನಗರದಲ್ಲಷ್ಟೇ ಸಿಗುತ್ತದೆ ಎಂದು ಸುಲಭಾ ಕಟ್ಟಿದ ಸುಳ್ಳು ಟ್ಯೂಬಿನ ಸಲುವಾಗಿ. ಮನೆಯ ಹತ್ತಿರದ ಅಂಗಡಿಯವರು ಗುರುತಿನವರು, ಯಾರಿಗೆ ಎಂದು ಕೇಳುತ್ತಾರೆ. "ನಾನೊಬ್ಬಾಕೀನ ಹೋಗಿ ತರ್ತೀನಿ. ನೀ ಬಿಸಲಾಗ ಯಾಕ ಬರ್ತಿ?" ಅಂದಳು. "ತಂದ ಮ್ಯಾಲ ಉರಿದ್ರ? ಅಲ್ಲೇ ಹಚ್ಚಿ ನೋಡೋದು. ಅವರು ಚೂರು ಹಚ್ಚಿಕೊಳ್ಳಲಿಕ್ಕೆ ಕೊಡ್ತಾರಂತ. ಹಂಗ ಹುಬ್ಬಳ್ಳಿಗೆ ಹೋಗೋಣು, ಹತ್ತೂವರಿಗೆ ಡಾಕ್ಟರು ಬಾ ಅಂದಾರ." ಮಾತು ಮುಗಿಯಿತು. ಚಿನ್ಮಯೀ ದುಪಟ್ಟಾವನ್ನು ಕಣ್ಣಷ್ಟೇ ಬಿಟ್ಟು ಸುತ್ತಿಕೊಂಡಳು.

ಚಿಗರಿ ಬಸ್ಸಿನಲ್ಲಿ ಎಡಗಡೆ ಬಿಸಿಲು. ಸುಲಭಾ ಎಂದಿನಂತೆ ತಾನು ಕಿಟಕಿಗೆ ಕೂತು ಮಗಳನ್ನು ಒಳಗೆ ಕೂರಿಸಿಕೊಂಡಳು. ತನ್ನ ಭುಜ ಅಡ್ಡವಾದರೆ ಅಷ್ಟು ನೆರಳು. ಎದುರಿನ ಸೀಟಿನ ಹೆಂಗಸು ಸುತ್ತಿದ ದುಪಟ್ಟಾ ನೋಡಿ, ಮತ್ತೆ ನೋಡಿ, ಆಮೇಲೆ ಸುಲಭಾಳನ್ನು ನೋಡಿದಳು. ನೋಡಲಿ. ನೋಡಿಸಿಕೊಳ್ಳುವುದು ಹೊಸದೇನಲ್ಲ. ಮೂವತ್ತೊಂದು ವರ್ಷದ ಹಿಂದೆ ಇದೇ ಧಾರವಾಡದಲ್ಲಿ, ಮಾಳಮಡ್ಡಿಯ ಒಂದು ಪಡಸಾಲೆಯಲ್ಲಿ, ಚಾಪೆಯ ಮೇಲೆ ಕೂತು ಹಾಡು ಹೇಳಿದ ಮೇಲೆ, ಬಾಳಕೃಷ್ಣನ ಸೋದರತ್ತೆ "ಬಾರವಾ ಇಲ್ಲೆ" ಎಂದು ಪ್ರೀತಿಯಿಂದ ಕರೆದು, ಕರವಸ್ತ್ರದ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ, ಮಾತಾಡುತ್ತ ಮಾತಾಡುತ್ತ ಅವಳ ಮುಂಗೈ ಉಜ್ಜಿ ನೋಡಿದ್ದಳು. ಪೌಡರು ಹಚ್ಚಿದ್ದಾರೋ ಎಂದು. ಕರವಸ್ತ್ರಕ್ಕೆ ಏನೂ ಬರಲಿಲ್ಲ. "ಖರೇ ಬಣ್ಣ ಅದ" ಎಂದು ಎಲ್ಲರೂ ನಕ್ಕರು, ಸುಲಭಾಳ ತಾಯಿಯೂ ನಕ್ಕಳು. ಮದುವೆಯೂ ಆಯಿತು. ಬಾಳಕೃಷ್ಣ ಒಳ್ಳೆಯವನೇ, ಒಂದು ದಿನಕ್ಕೂ ಬಣ್ಣದ ಮಾತೆತ್ತಲಿಲ್ಲ. ಆದರೂ ಆ ಒದ್ದೆ ಬಟ್ಟೆ ಮುಂಗೈಯಿಂದ ಹೋಗಲೇ ಇಲ್ಲ. ಹುಟ್ಟಿದ ಮಗಳನ್ನು ಕೈಗೆ ಕೊಟ್ಟಾಗ ಅವಳು ಮೊದಲು ನೋಡಿದ್ದು ಕಿವಿಯ ತುದಿ. ಕಿವಿಯ ತುದಿಯ ಬಣ್ಣವೇ ಮುಂದೆ ಮೈಗೆ ಬರುತ್ತದೆ ಅನ್ನುತ್ತಾರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ. ಹೆಗ್ಗಣದ ತಾಯಿಗಿರುವಷ್ಟು ಬುದ್ಧಿಯೂ ತನಗೆ ಇರಲಿಲ್ಲ.

ರಾಯಾಪುರ ದಾಟಿತು. ಮೂರು ವಾರದ ಹಿಂದೆ ಇದೇ ದಾರಿಯಲ್ಲಿ ಹೋದಾಗ ಡಾಕ್ಟರ್ ಶಮೀಮ ದೀಪದ ಕೆಳಗೆ ಚಿನ್ಮಯೀಯ ಗಲ್ಲ ಹಿಡಿದು ಬಹಳ ಹೊತ್ತು ನೋಡಿದ್ದರು. "ಬೆಳ್ಳಗಾಗೋ ಟ್ಯೂಬು ಏನರೆ ಹಚ್ಚೀರೇನು? ಮೆಡಿಕಲ್ಲಿನ್ಯಾಗ ಹಂಗ ಸಿಗತಾವಲ್ಲ, ಸ್ಟೆರಾಯ್ಡ್ ಇರೋವು?" ಚಿನ್ಮಯೀ ನಕ್ಕಳು. "ಇಲ್ಲ ಡಾಕ್ಟರ್. ನಮ್ಮ ಮನ್ಯಾಗ ಬಣ್ಣದ ಮಾತ ಇಲ್ಲ. ಅಮ್ಮನ ಕೆನಿ ಬಿಟ್ರ ಈ ಮುಖಕ್ಕ ಏನೂ ಮುಟ್ಟಿಲ್ಲ." ಡಾಕ್ಟರು ಕುರ್ಚಿ ತಿರುಗಿಸಿ ಸುಲಭಾಳ ಕಡೆ ನೋಡಿದರು. "ಕೆನಿಯಾಗ ಏನೇನ ಹಾಕ್ತೀರಿ?" ಅಲ್ಲಿ, ಆ ಒಂದು ಗಳಿಗೆಯಲ್ಲಿ, ಎಲ್ಲ ಸರಿಹೋಗುವುದಿತ್ತು. ಸುಲಭಾ ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು: ಕೆನಿ, ಚಿಟಿಕಿ ಅರಿಷಿಣ, ಚೂರು ಕಡ್ಲಿಹಿಟ್ಟು. ಡಾಕ್ಟರು ಪೆನ್ನಿನ ತುದಿಯನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಬಿಸಿಲಿನ ಅಲರ್ಜಿ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆ ಚಿಹ್ನೆಯೇ ತಾನು. ಮೂರು ವಾರದಿಂದ ಮನೆಯೊಳಗೆ ಅಡುಗೆ ಮಾಡಿಕೊಂಡು, ಗಡಿಯಾರ ನೋಡಿಕೊಂಡು, ಮಗಳ ಕಿವಿಯ ಕೆಳಗೆ ಚುಕ್ಕೆ ಇಡುತ್ತ ಓಡಾಡುತ್ತಿದೆ.

ಅಂಗಡಿ ದೊಡ್ಡದಲ್ಲ. ಬಾಗಿಲ ಹತ್ತಿರ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಮುದುಕ ಗುಲಾಬಸಾಬ ಪೇಪರು ಓದುತ್ತಿದ್ದ; ಕೌಂಟರಿನ ಹಿಂದೆ ಅವನ ಮಗ ಆಫ್ತಾಬ, ನಲವತ್ತರ ಆಸುಪಾಸಿನವನು, ಅಚ್ಚುಕಟ್ಟಾದ ಗಡ್ಡ. ಸುಲಭಾ ಮಗಳ ಹಿಂದೆ ನಿಂತಳು, ಐವತ್ತೇಳು ವರ್ಷದ ಹೆಂಗಸು, ಮಗಳ ಬೆನ್ನಿನ ಹಿಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ಸೆರಗು ಸರಿಮಾಡಿಕೊಂಡಳು. ಆದರೂ ಆಫ್ತಾಬ ಗುರುತು ಹಿಡಿದ. "ಬರ್ರಿ ಅಮ್ಮಾರ, ಭಾಳ ದಿನಾ ಆತು" ಎಂದ. ಅವನ ಕೈ ಅಭ್ಯಾಸದ ಮೇಲೆ ಹಿಂದಿನ ಕಪಾಟಿನ ಮೂರನೆಯ ಖಾನೆಯ ಕಡೆ ಹೊರಳಿತು. ಸುಲಭಾ ತಲೆ ಅಲ್ಲಾಡಿಸಿದಳು, ಸಣ್ಣಗೆ. ಕೈ ಅಲ್ಲೇ ನಿಂತಿತು.

ಚಿನ್ಮಯೀ ದುಪಟ್ಟಾ ಬಿಚ್ಚಿದಳು. "ನಾನ ಫೋನ್ ಮಾಡಿದ್ದೆ, ಆ ಜಿಂಕಿಂದು. ನನ್ನ ಚರ್ಮ ಭಾಳ ಸೂಕ್ಷ್ಮ ಅದ. ನಾಲ್ಕು ಹಚ್ಚಿ ನೋಡಿದೆ, ನಾಲ್ಕೂ ಉರದ್ವು." ಆಫ್ತಾಬ ಬೆಳಕಿಗೆ ಬರಲು ಸನ್ನೆ ಮಾಡಿ, ಕೌಂಟರಿನ ಮೇಲಿಂದ ಬಾಗಿ, ಮುಟ್ಟದೆ, ಎರಡೂ ಗಲ್ಲ ನೋಡಿದ. "ಎಷ್ಟ ದಿನದಿಂದ ಟ್ಯೂಬು ಹಚ್ಚಾಕತ್ತೀರಿ?" ಎಂದ.

"ಯಾವ ಟ್ಯೂಬೂ ಇಲ್ರಿ."

"ಇದ ಬರೇ ಬಿಸಲಿಂದಲ್ಲ ಅನಸ್ತೈತ್ರಿ ಅಕ್ಕಾ. ದಿನಾ ಇಂಥಾ ನಾಕ ಮಕಾ ನೋಡ್ತೇನಿ ನಾನು. ಹಿಂಗ ಕೆಂಪ, ಹಿಂಗ ತೆಳು, ನರಾ ಕಾಣೂದು..." ಅವನು ಅಲ್ಲಿಗೆ ನಿಲ್ಲಿಸಿದ. ಅವನ ಕಣ್ಣು ಚಿನ್ಮಯೀಯ ಭುಜದ ಮೇಲಿಂದ ಸುಲಭಾಳ ಮುಖಕ್ಕೆ ಬಂದು, ಅಲ್ಲಿಂದ ಕಪಾಟಿನ ಮೂರನೆಯ ಖಾನೆಗೆ ಹೋಗಿ, ಮತ್ತೆ ಸುಲಭಾಳಿಗೆ ಬಂತು. ಒಂದು ಸಲ, ಎರಡು ವರ್ಷದ ಹಿಂದೆ, ಅವನು ಟ್ಯೂಬು ಕೊಡುತ್ತ ಹೇಳಿದ್ದ: "ಹದಿನೈದ ದಿನದ ಮ್ಯಾಲ ಹಚ್ಚಬ್ಯಾಡ್ರಿ ಅಮ್ಮಾರ. ಮಕಕ್ಕಂತೂ ಬ್ಯಾಡ ಬ್ಯಾಡ." ಅವಳು ನಕ್ಕು ಹೇಳಿದ್ದಳು: "ಮುಖಕ್ಕ ಯಾಕ ಹಚ್ಚಲಿ ಮಾರಾಯಾ, ನನ್ನ ಕಾಲಿಗೆ ಇಸಬು ಅದ, ಚರ್ಮ ಭಾಳ ತುರಸ್ತದ." ಅವನು ನಂಬಿದ್ದ. ಇಂಥ ಹೆಣ್ಣುಮಗಳು, ಹಣೆಯ ತುಂಬ ಕುಂಕುಮ, ಸುಳ್ಳು ಯಾಕೆ ಹೇಳುತ್ತಾಳೆ ಎಂದು ನಂಬಿದ್ದ. ಗುಲಾಬಸಾಬ ಪೇಪರಿನ ಹಾಳೆ ಹೊರಳಿಸಿದ. ಆಫ್ತಾಬ ದನಿ ಇಳಿಸಿ, ಬೈಯುವ ಹಾಗಲ್ಲ, ಎಷ್ಟೋ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಕೇಳುವ ಹಾಗೆ ಕೇಳಿದ:

"ಅಮ್ಮಾರ, ನಿಮ್ಮ ಕಾಲಿನ ಇಸಬು ಹೆಂಗೈತ್ರಿ?"

ಚಿನ್ಮಯೀ ತಿರುಗಿದಳು. "ಇಸಬು? ನಿನಗ್ಯಾವಾಗ ಇಸಬು ಆಗಿತ್ತು?" ಆಮೇಲೆ ಕೆಳಗೆ ನೋಡಿದಳು. ಸುಲಭಾಳೂ ನೋಡಿದಳು. ಚಪ್ಪಲಿಯೊಳಗೆ ಎರಡು ಪಾದ. ಸ್ವಚ್ಛ, ಕಪ್ಪು, ನುಣುಪು. ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಜೀವನದಲ್ಲಿ ಮೊದಲ ಸಲ ತನ್ನ ಕಾಲಿಗೆ ಏನಾದರೂ ರೋಗ ಇರಬಾರದಿತ್ತೇ ಅನ್ನಿಸಿತು. ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಳು. ಚಿನ್ಮಯೀ ಬಹಳ ಹೊತ್ತು ಆ ಕಾಲುಗಳನ್ನೇ ನೋಡಿದಳು. ಮಣ್ಣಿನ ಗುಂಡಿಯೊಳಗೆ ಇಳಿದವಳು ಪದರ ಎಲ್ಲಿ ಬದಲಾಗುತ್ತದೆಂದು ನೋಡುವ ನೋಟ ಅದು. ಅವಸರವಿಲ್ಲ, ಬಿಡುವುದೂ ಇಲ್ಲ. ಆಮೇಲೆ ತಲೆಯೆತ್ತಿ ಅಮ್ಮನನ್ನಲ್ಲ, ಆಫ್ತಾಬನನ್ನು ಕೇಳಿದಳು: "ಅದು ಬಿಟ್ರ ಆರಾಮ ಆಗತದೇನ್ರಿ?"

"ಆಗತೈತ್ರಿ ಅಕ್ಕಾ. ಬಿಟ್ಟ ಮ್ಯಾಲ ಮೊದಲ ಹೆಚ್ಚಾಗತೈತಿ, ಹೆದರಿ ಮತ್ತ ಹಚ್ಚಬಾರದು. ಆರ ತಿಂಗಳೋ ವರ್ಷೋ. ಆದರ ಡಾಕ್ಟರಿಗೆ ಖರೇ ಹೇಳಬೇಕು. ಇಲ್ಲಾಂದ್ರ ಅವರಿಗೆ ಹೆಂಗ ಗೊತ್ತಾಗಬೇಕು?" ಅವನು ಒಳಗಿನಿಂದ ಸಣ್ಣದೊಂದು ಟ್ಯೂಬು ತಂದು ಕೌಂಟರಿನ ಮೇಲಿಟ್ಟ. "ಇದ ನೋಡ್ರಿ. ಬರೇ ಜಿಂಕ್. ಮ್ಯಾಲ ಕುಂದರತೈತಿ, ಒಳಗ ಇಳಿಯಂಗಿಲ್ಲ. ಒಂದ ಐತಿ, ಮಕಾ ಸ್ವಲ್ಪ ಬೆಳ್ಳಗ ಕಾಣತೈತಿ."

"ಬೆಳ್ಳಗ ಬ್ಯಾಡಾಗಿತ್ತು" ಅಂದಳು ಚಿನ್ಮಯೀ. "ಇರಲಿ, ಕೊಡ್ರಿ."

ಹೊರಗೆ ರಸ್ತೆಯ ಅಂಚಿಗೆ ಬೇವಿನ ಮರ. ಅದರ ಕೆಳಗೆ ಚಿನ್ಮಯೀ ನಿಂತಳು, ದುಪಟ್ಟಾ ಮತ್ತೆ ಸುತ್ತಿಕೊಳ್ಳಲಿಲ್ಲ. ಸುಲಭಾ ಕಾದಳು. ಕೂಗಲಿ, ನಾಲ್ಕು ಜನರ ಮುಂದೆ ಕೂಗಲಿ, ಅವಳಿಗೆ ಹಕ್ಕಿದೆ. ಅವಳು ಕೂಗಲಿಲ್ಲ. ನಿಂತೇ ಇದ್ದಳು, ಹತ್ತು ನಿಮಿಷ ಕಾಯುವಾಗ ಕೂಡುವ ಹಾಗೆ. ಸುಲಭಾ ತಾನೇ ಹೇಳಿದಳು. ಹೇಳಲು ಇಷ್ಟು ಕಡಿಮೆ ಶಬ್ದಗಳು ಸಾಕಾಗುತ್ತವೆಂದು ಗೊತ್ತಿರಲಿಲ್ಲ. "ಕೆನಿಯಾಗ ಕಲಸಿ ಹಚ್ಚತಿದ್ದೆ. ನಿನಗ ಗೊತ್ತಾಗಬಾರದಂತ. ನಾಲ್ಕು ವರ್ಷ ಆತು. ನಂದ ತಪ್ಪು ಚಿನ್ನೂ, ಪೂರಾ ನಂದ."

ಚಿನ್ಮಯೀ ಚೀಲದಿಂದ ನೋಟ್‌ಬುಕ್ಕು ತೆಗೆದಳು. "ಯಾವ ತಿಂಗಳಿಂದ?"

"ಶ್ರಾವಣ. ಆ ಗದಗಿನವರು ಬಂದು ಹೋದ್ರಲ್ಲಾ, ಆಮ್ಯಾಲ."

"ದಿನಾ?"

"ಮೊದಲನೇ ವರ್ಷ ದಿನಾ. ಆಮ್ಯಾಲ ವಾರಕ್ಕ ಮೂರು ದಿನಾ, ನಾಲ್ಕು ದಿನಾ."

"ಬಟ್ಟಲಿಗೆ ಎಷ್ಟು?"

"ಬಟಾಣಿಯಷ್ಟು."

"ಫೆಬ್ರವರಿಯಾಗ ನಾ ಅಳಲಿಕ್ಕತ್ತಿದ್ದೆ, ಬಚ್ಚಲದಾಗ. ಅವತ್ತ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಹೋದ ಗುರುವಾರ?"

ಸುಲಭಾ ಹೌದೆಂದು ತಲೆಯಾಡಿಸಿದಳು. ಚಿನ್ಮಯೀ ಎಲ್ಲವನ್ನೂ ಬರೆದುಕೊಂಡಳು, ತಾರೀಖು ಹಾಕಿ, ಅದೇ ದುಂಡಗಿನ ಅಕ್ಷರದಲ್ಲಿ. ಪುಟ ಹಿಂದೆ ಹೊರಳಿಸಿ ಗುರುವಾರದ ಸಾಲಿಗೆ ಬಂದು ಪೆನ್ನು ಹಿಡಿದು ನಿಂತಳು. ಹೊಡೆದು ಹಾಕುತ್ತಾಳೆ ಅಂದುಕೊಂಡಳು ಸುಲಭಾ. ಹೊಡೆದು ಹಾಕಲಿಲ್ಲ. ಅಮ್ಮನ ಕೆನೆ ಎಂಬುದರ ಮುಂದೆ ಸಣ್ಣಗೆ "ಟ್ಯೂಬು ಸಹಿತ" ಎಂದು ಸೇರಿಸಿದಳು. ಆಮೇಲೆ ಮೊಬೈಲು ತೆಗೆದಳು. ಅಪ್ಪನಿಗೆ ಫೋನು ಮಾಡುತ್ತಾಳೆ ಎಂದು ಸುಲಭಾ ಹೆದರಿದಳು. ಅವಳು ಗೈಡಿಗೆ ಬರೆದಿಟ್ಟ ಪತ್ರ ತೆರೆದು, ಪೂರ್ತಿ ಒಮ್ಮೆ ಓದಿ, ಅಳಿಸಿದಳು. "ಎರಡ ತಿಂಗಳಿಂದ ಬಿಸಲಿಗೆ ಬೈಯಲಿಕ್ಕತ್ತೀನಿ" ಅಂದಳು. "ಆ ಇಮಾಮಬಿ ಅಜ್ಜಿ ತನ್ನ ಹೊಲದಾಗ ನಾ ಬರೋದಕ್ಕಿಂತ ಮೊದಲ ಗಿಡದ ನೆರಳಿಗೆ ಚಾಪಿ ಹಾಸಿ ಇಡ್ತಾಳ. ಬಿಸಲ ನಿನಗ ಏನ ಮಾಡೇತಿ ಮಗಳ ಅಂತ ಕೇಳ್ತಾಳ ದಿನಾ. ನಾ ಏನ ಹೇಳಲಿ ಆಕೀಗೆ?"

ಸುಲಭಾಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು. ಅತ್ತರೆ ಮಗಳು ಸಮಾಧಾನ ಮಾಡಬೇಕಾಗುತ್ತದೆ, ಅಷ್ಟೂ ಕೆಲಸ ಅವಳಿಗೇ ಯಾಕೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಸ್ತೆಯಲ್ಲಿ ಒಂದು ಟಂಟಂ ಹಾರ್ನು ಹಾಕುತ್ತ ಹೋಯಿತು. ಅದು ಹೋದ ಮೇಲೆ ಚಿನ್ಮಯೀ ನೋಟ್‌ಬುಕ್ಕು ಮುಚ್ಚಿ, ಮೊದಲ ಸಲ ಅಮ್ಮನ ಮುಖ ನೋಡಿ, ಬರೆದುಕೊಳ್ಳದೆ ಒಂದು ಮಾತು ಕೇಳಿದಳು.

"ನಾ ಅಷ್ಟು ಕರ್ರಗಿದ್ನೇನು ಅಮ್ಮಾ?"

ಇಲ್ಲ ಎಂದು ಹೇಳಬಹುದಿತ್ತು. ಇಲ್ಲ ಎಂದರೆ ಮತ್ತೆ ಯಾಕೆ ಹಚ್ಚಿದೆ ಎಂಬ ಪ್ರಶ್ನೆ. ಹೌದು ಎನ್ನುವ ಬಾಯಿ ಅವಳಿಗಿರಲಿಲ್ಲ. ಗದಗಿನವರು ಅಂದರು, ಜನ ಅನ್ನುತ್ತಾರೆ, ನಿನ್ನ ಒಳ್ಳೆಯದಕ್ಕೇ, ಇವೆಲ್ಲ ನಾಲ್ಕು ವರ್ಷದಿಂದ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದ ಉತ್ತರಗಳು. ಅವನ್ನೆಲ್ಲ ಬಿಟ್ಟು "ನನ್ನಂಗ ಇದ್ದಿ" ಅಂದಳು.

ಚಿನ್ಮಯೀ ತಲೆಯಾಡಿಸಿದಳು, ಅದು ತನಗೆ ಗೊತ್ತೇ ಇತ್ತು ಎಂಬಂತೆ. "ನಾ ಎಲ್ಲಾರ ಮುಂದ ಹೇಳ್ತಿದ್ದೆ," ಅಂದಳು, "ನಂದು ನಮ್ಮಮ್ಮನ ಬಣ್ಣ ಅಂತ." ಚೀಲ ಹೆಗಲಿಗೆ ಹಾಕಿಕೊಂಡು, "ನಡಿ. ಹತ್ತೂವರಿಗೆ ಅದ. ಡಾಕ್ಟರ ಮುಂದ ನೀನ ಹೇಳಬೇಕು, ನಾ ಹೇಳಂಗಿಲ್ಲ" ಎಂದು ಬಸ್ ನಿಲ್ದಾಣದ ಕಡೆ ನಡೆದಳು.

ನಿಲ್ದಾಣದಲ್ಲಿ ಅವಳು ಹೊಸ ಟ್ಯೂಬಿನ ಮುಚ್ಚಳ ತೆಗೆದಾಗ ಸುಲಭಾಳ ಕಿರುಬೆರಳು ತಾನಾಗಿಯೇ ಮುಂದಾಯಿತು. ಈ ಸಲ ನಿಜವಾಗಿಯೂ ತಾನಾಗಿಯೇ. ಕಿವಿಯ ಕೆಳಗೆ ಅವಳಿಗೆ ಕಾಣುವುದಿಲ್ಲ, ಚುಕ್ಕೆ ಇಡುವುದು ಯಾವಾಗಲೂ ಅಮ್ಮನ ಕೆಲಸ. ಚಿನ್ಮಯೀ ಮೊಬೈಲನ್ನು ಕನ್ನಡಿಯ ಹಾಗೆ ಎತ್ತಿ ಹಿಡಿದು, ಕತ್ತು ಹೊರಳಿಸಿ, ಒಂದು ಸಲ ಜಾಗ ತಪ್ಪಿ, ಎರಡನೆಯ ಸಲಕ್ಕೆ ತಾನೇ ಇಟ್ಟುಕೊಂಡಳು. ಸುಲಭಾ ಬೆರಳನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಚಿನ್ಮಯೀ ಎಡಗಡೆ, ಕಿಟಕಿಗೆ, ಬಿಸಿಲಿಗೆ ಹೋಗಿ ಕೂತು ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಸುಲಭಾ ಎರಡು ಸಾಲು ಹಿಂದೆ, ಆಚೆ ಬದಿಯಲ್ಲಿ ಕೂತಳು. ಅಲ್ಲಿಂದ ಮಗಳ ಎಡಗಿವಿ ಕಾಣುವುದಿಲ್ಲ. ಬಲಗಲ್ಲದ ಒಂದು ತುಂಡು, ಕಿಟಕಿಯ ಗಾಜಿನಲ್ಲಿ ಮಸುಕಾಗಿ ಉಳಿದ ಮುಖ, ಅಷ್ಟೇ. ಬಿಸಿಲು ನೇರ ಮುಖದ ಮೇಲಿತ್ತು. ಇತ್ತ ಬಾ, ನೆರಳಿಗೆ ಬಾ, ಎಂಬ ಮಾತು ಸುಲಭಾಳ ನಾಲಿಗೆಗೆ ಬಂತು. ಆ ಮಾತು ಇಪ್ಪತ್ತಾರು ವರ್ಷ ಹೇಳಿದವಳು ಅವಳೇ. ಆಡಬ್ಯಾಡ ಬಿಸಲಾಗ ಅನ್ನುತ್ತಿದ್ದಳು, ಕರ್ರಗಾಗ್ತಿ ಎಂಬುದನ್ನು ಒಳಗೇ ಇಟ್ಟುಕೊಂಡು. ಆಗ ಅದಕ್ಕೆ ಅರ್ಥವಿರಲಿಲ್ಲ. ಈಗ ಅರ್ಥವಿದೆ, ಹೇಳಲು ಅವಳಿಗೆ ಬಾಯಿಲ್ಲ. ಡ್ರೈವರನ ತಲೆಯ ಮೇಲಿನ ಗಡಿಯಾರದಲ್ಲಿ ಒಂಬತ್ತು ಐವತ್ತೆರಡು. ಅವಳು ಎಣಿಸತೊಡಗಿದಳು. ಎಣಿಸುತ್ತಲೇ ಡಾಕ್ಟರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಉರು ಹೊಡೆದಳು: ಟ್ಯೂಬು, ಕೆನಿ, ಅರಿಷಿಣ, ಕಡ್ಲಿಹಿಟ್ಟು. ಟ್ಯೂಬು ಮೊದಲು. ಕೆನಿ, ಅರಿಷಿಣ ಎಂದು ಶುರುಮಾಡಿದರೆ ನಾಲಿಗೆ ಹಳೆಯ ದಾರಿ ಹಿಡಿದು ಕಡಲೆಹಿಟ್ಟಿಗೆ ನಿಂತುಬಿಡುತ್ತದೆ, ಅವಳಿಗೆ ಅದರ ಗುಣ ಗೊತ್ತು. ಟ್ಯೂಬು ಮೊದಲು.

ಐದನೆಯ ನಿಮಿಷ ಹೋಯಿತು. ಆರನೆಯದು ಹೋಯಿತು. ಚಿನ್ಮಯೀಯ ಕುತ್ತಿಗೆಯ ನರ ಬಿಗಿಯುತ್ತದೆಯೇ ಎಂದು ಸುಲಭಾ ಸೀಟಿನಿಂದ ಅರ್ಧ ಎದ್ದು ನೋಡಿದಳು. ಬಿಗಿಯಲಿಲ್ಲ. ಎಂಟು. ಒಂಬತ್ತು. ಬಸ್ಸು ಒಂದು ಕಡೆ ನಿಂತು ಮತ್ತೆ ಹೊರಟಿತು. ಹತ್ತಾಯಿತು, ಗಡಿಯಾರದಲ್ಲಿ ಹತ್ತು ಗಂಟೆ ಎರಡು ನಿಮಿಷ. ಚಿನ್ಮಯೀಯ ಕೈ ಮುಖದ ಕಡೆ ಹೋಗಲಿಲ್ಲ. ಅವಳು ಚೀಲದಿಂದ ನೋಟ್‌ಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ನಂಬರು, ವೇಳೆ, ಜಾಗ ಬರೆದಳು. ಆಮೇಲೆ ಎರಡು ಶಬ್ದ ಬರೆಯುವಷ್ಟು ಹೊತ್ತು ಅವಳ ಪೆನ್ನು ಆಡಿತು, ನಿಂತಿತು. ಅವಳು ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡತೊಡಗಿದಳು. ಸುಲಭಾ ಮತ್ತೆ ಉರು ಹೊಡೆದಳು: ಟ್ಯೂಬು ಮೊದಲು.